ಬದುಕಿ ಬಂದವರ ಹೆಸರು



ಈ ಸಲ ದಸರಾ ರಜೆಗೆ ತಿಪಟೂರಿನಲ್ಲಿ ರೈಲು ಹತ್ತಿ ಬೆಂಗಳೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಒಂದು ದಿನ ಚಿಕ್ಕಪ್ಪ ಜೆ.ಸಿ. ನಗರಕ್ಕೆ ಕರೆದುಕೊಂಡು ಹೋಗಿ ಒಂದು ಕಲ್ಲಿನ ಸ್ಮಾರಕ ತೋರಿಸಿದರು. ಅದು ಮೈಸೂರು ಲ್ಯಾನ್ಸರ್ಸ್ ಎಂಬ ಕುದುರೆ ದಳದವರದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ನಮ್ಮ ಸಂಸ್ಥಾನದಿಂದ ಮೊದಲನೆಯ ಮಹಾಯುದ್ಧಕ್ಕೆ ಹೋದವರು. 1918ರ ಸೆಪ್ಟೆಂಬರ್ 23ರಂದು ಇವರೂ ಜೋಧಪುರದ ದಳದವರೂ ಸೇರಿ ಹೈಫಾ ಎಂಬ ಊರನ್ನು ಗೆದ್ದರು. ಆ ಊರು ಈಗ ಇಸ್ರೇಲ್ ದೇಶದಲ್ಲಿದೆ. ಎದುರಿನವರ ಹತ್ತಿರ ಮೆಷಿನ್ ಗನ್ನು, ನಮ್ಮವರ ಕೈಯಲ್ಲಿ ಈಟಿ! ದೆಹಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂರು ಸೈನಿಕರ ಪ್ರತಿಮೆಗಳಲ್ಲಿ ಒಂದು ಮೈಸೂರಿನದೇ.

ಕಲ್ಲಿನ ಮೇಲೆ ಸತ್ತವರ ಹೆಸರುಗಳಿವೆ. ಒಂದೊಂದೇ ಓದುತ್ತಾ ಹೋದೆ. ಆಗ ನನಗೆ ಒಂದು ಯೋಚನೆ ಬಂತು. ಯುದ್ಧಕ್ಕೆ ಹೋಗಿ ಬದುಕಿ ಬಂದವರ ಹೆಸರು ಎಲ್ಲಿದೆ?

ಯಾಕೆಂದರೆ ನಮ್ಮ ತಾತನೂ ಅಂಥವರೇ. ಬೀದಿಯವರೆಲ್ಲ ಅವರನ್ನು ಮಿಲಿಟ್ರಿ ತಾತ ಅಂತಲೇ ಕರೆಯುವುದು. ಆದರೆ ಯುದ್ಧದ ಸುದ್ದಿ ಕೇಳಿದರೆ ಸಾಕು, "ಹೋಗ್, ಓದ್ಕೋ ಹೋಗು" ಅಂತಿದ್ದರು. ದೀಪಾವಳಿ ಬಂದರೆ ಸಂಜೆಗೇ ಟಾರ್ಚು ಹಿಡಿದು ತೋಟದ ಮನೆಗೆ ಹೋಗಿ ಮಲಗೋರು. ಹೋದ ವರ್ಷ ಅವರು ಹೊರಡುವ ಮುಂಚೆಯೇ ನಾನು ತಮಾಷೆಗೆ ಜಗಲಿ ಪಕ್ಕ ಪಟಾಕಿ ಸರ ಹಚ್ಚಿಬಿಟ್ಟೆ. ತಾತ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡು ನೆಲಕ್ಕೆ ಬೋರಲು ಬಿದ್ದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಅಜ್ಜಿ ಒಬ್ಬರು ನಗಲಿಲ್ಲ.

ಬೆಂಗಳೂರಿನಿಂದ ಬಂದ ದಿನ ತಾತ ಅಟ್ಟದಿಂದ ಇಳಿಸಿದ ಕೊಬ್ಬರಿಯ ಚಿಪ್ಪು ಬಿಡಿಸುತ್ತಾ ಕೂತಿದ್ದರು. ನಾನೂ ಕೂತು ಉಂಡೆಗಳನ್ನು ಆರಿಸುತ್ತಾ ಸ್ಮಾರಕದ ವಿಷಯ ಹೇಳಿದೆ. ಆಮೇಲೆ, "ತಾತ, ನಿನ್ನ ಹೆಸರು ಯಾವ ಕಲ್ಲಲ್ಲೈತೆ?" ಅಂತ ಕೇಳಿದೆ.

"ನಾನು ಬದುಕಿ ಬಂದ್ನಲ್ಲ ಮಗಾ. ಬಂದೋರಿಗೆ ಯಾತಕ್ಕೆ ಕಲ್ಲು?" ಅಂದರು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಮಾತು ಶುರು ಮಾಡಿದರು. ತಾತ ಇದ್ದದ್ದು ಬೆಂಗಳೂರಿನ ಹಲಸೂರು ಕೆರೆ ಹತ್ತಿರ ಇರುವ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ. 1971ರ ಡಿಸೆಂಬರಿನ ಯುದ್ಧಕ್ಕೆ ಹೋಗಿದ್ದರು. ನೆಲದಲ್ಲಿ ಹೂತಿಟ್ಟ ಮೈನುಗಳನ್ನು ಹುಡುಕಿ ತೆಗೆದು ದಾರಿ ಮಾಡುವುದು ಅವರ ಕೆಲಸ. "ಮೊದ್ಲು ನಾವು ಹೋಗ್ಬೇಕು, ಆಮೇಲೆ ಟ್ಯಾಂಕು ಬರೋದು. ನನ್ ಜೊತೆ ಒಂದೇ ತಟ್ಟೇಲಿ ಉಂಡೋನು ಒಬ್ಬ ಇದ್ದ. ನನ್ಗಿಂತ ಹತ್ತು ಹೆಜ್ಜೆ ಮುಂದಿದ್ದ, ಅಷ್ಟೇ" ಅಂದರು. ಅವರ ಕೈಯಲ್ಲಿದ್ದ ಕೊಬ್ಬರಿ ಹಾಗೇ ಇತ್ತು.

"ತಪ್ಪಾಯ್ತು ತಾತ" ಅಂದೆ. ಯಾವುದಕ್ಕೆ ಅಂತ ಅವರು ಕೇಳಲಿಲ್ಲ.

ಮಾರನೆಯ ದಿನ ಇದನ್ನೆಲ್ಲ ನಮ್ಮ ಸಮಾಜದ ಮೇಷ್ಟ್ರಿಗೆ ಹೇಳಿದೆ. ಬ್ರಿಟಿಷರ ಕಾಲದಲ್ಲಿ ಕೆಲವು ಊರುಗಳಲ್ಲಿ ಕಲ್ಲಿನ ಫಲಕ ಹಾಕಿಸಿದ್ದರಂತೆ. ಈ ಊರಿನಿಂದ 1914-1919ರ ಮಹಾಯುದ್ಧಕ್ಕೆ ಇಷ್ಟು ಜನ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು ಅಂತ ಅದರಲ್ಲಿ ಬರೆದಿರುತ್ತದಂತೆ. ಬದುಕಿ ಬಂದವರೂ ಲೆಕ್ಕಕ್ಕೆ ಸೇರಿದರು, ಆದರೆ ಹೆಸರಿಲ್ಲ. ಆಮೇಲೆ ಮೇಷ್ಟ್ರು, "ನಿಮ್ಮ ಬೀದಿ ಮೂಲೆಯಲ್ಲೇ ಒಂದು ಕಲ್ಲಿದೆಯಲ್ಲ, ನೋಡಿದ್ದೀಯಾ?" ಅಂದರು.

ನಾನು ದಿನಾ ನೋಡುತ್ತಿದ್ದೆ, ಆದರೆ ನೋಡಿರಲಿಲ್ಲ. ಹೆಂಗಸರು ಅರಿಶಿನ ಕುಂಕುಮ ಹಚ್ಚುವ ಆ ಕಲ್ಲು ವೀರಗಲ್ಲು. ಕೆಳಗಿನ ಸಾಲಿನಲ್ಲಿ ವೀರ ಹೋರಾಡುತ್ತಿದ್ದಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಶಿವಲಿಂಗದ ಮುಂದೆ ಕೈಮುಗಿದು ಕೂತಿದ್ದಾನೆ. ಒಂದು ಅಕ್ಷರವೂ ಇಲ್ಲ. ನಮ್ಮ ಬೀದಿಗಾಗಿಯೇ ಸತ್ತನೋ ಏನೋ, ಅವನ ಹೆಸರು ಮಾತ್ರ ಯಾರಿಗೂ ಗೊತ್ತಿಲ್ಲ. ಆ ಕಾಲದಲ್ಲಿ ಎಲ್ಲರಿಗೂ ಗೊತ್ತಿದ್ದಿರಬೇಕು. ಗೊತ್ತಿದೆಯಲ್ಲ ಅಂತಲೇ ಬರೆಯದೆ ಬಿಟ್ಟಿರಬಹುದು.

ನಮ್ಮ ಬೀದಿಯಲ್ಲಿ ತಾತನೂ ಸೇರಿ ಮಿಲಿಟ್ರಿಗೆ ಹೋಗಿ ಬಂದವರು ನಾಲ್ಕು ಜನ ಇದ್ದಾರೆ. ಈಗ ಎಲ್ಲರಿಗೂ ಗೊತ್ತು. ಮುಂದೆ? ಒಂದು ಫಲಕ ಹಾಕಿಸೋಣ ಅಂತ ಮೇಷ್ಟ್ರು ಹಿರಿಯರ ಹತ್ತಿರ ಮಾತಾಡುತ್ತಿದ್ದಾರೆ. ತಾತನನ್ನು ಕೇಳಿದೆ. "ಹಾಕೋದಾದ್ರೆ ಎಲ್ರದ್ದೂ ಹಾಕಿ, ನನ್ನದೊಂದೇ ಬ್ಯಾಡ" ಅಂದರು. ಆ ಗೆಳೆಯರ ಹೆಸರನ್ನೂ ಹೇಳಿದರು. "ಅವರ ಮನೆಯೋರ್ನ ಕೇಳ್ದೆ ಗೋಡೆ ಮೇಲೆ ಬರೀಬೇಡ" ಅಂದದ್ದರಿಂದ ನನ್ನ ನೋಟ್ ಬುಕ್ಕಿನ ಕೊನೆಯ ಪುಟದಲ್ಲಿ ಬರೆದಿಟ್ಟುಕೊಂಡಿದ್ದೇನೆ.

ಕಲ್ಲು ಬರುವ ತನಕ ಈ ಗೋಡೆಯೇ ನಮ್ಮ ಫಲಕ. ನಿಮ್ಮ ಮನೆಯಲ್ಲೂ ಅಂಥವರಿದ್ದರೆ ಅವರನ್ನು ಕೇಳಿ, ಒಪ್ಪಿದರೆ ಅವರ ಹೆಸರು, ಹೋದ ವರ್ಷ, ಬಂದ ವರ್ಷ ಬರೆಯಿರಿ. ಈ ಹಾಳೆಯ ಕೆಳಗೆ ಜಾಗ ಬಿಟ್ಟಿದ್ದೇನೆ.

ಈ ದೀಪಾವಳಿಗೆ ನಾನು ತಾತನ ಜೊತೆ ತೋಟದ ಮನೆಗೆ ಹೋಗಿ ಮಲಗುತ್ತೇನೆ. ಟಾರ್ಚು ನಾನೇ ಹಿಡಿಯುತ್ತೇನೆ.

– ಒಂಬತ್ತನೇ ತರಗತಿಯ ವಿದ್ಯಾರ್ಥಿ