ತಲೆ ಮೇಲೆ ಹತ್ತಿ ಕೂತ ಕಾಮಾ

ಮೊನ್ನೆ ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋಗಿ, ಕಾಫಿ ಹಿಡ್ಕೊಂಡು ಸೀಟಿಗೆ ಬಂದು ಮೇಲ್ ತೆಗೆದ್ರೆ ನನ್ನ ಕೋಡಿಗೆ ಒಂದು ರಿವ್ಯೂ ಕಾಮೆಂಟ್ ಬಂದಿತ್ತು. ಎರಡು ವಾರ ಕೂತು ಬರೆದ ಕೋಡು ಸ್ವಾಮಿ! ಲಾಜಿಕ್ ಬಗ್ಗೆ ಒಂದು ಮಾತಿಲ್ಲ. ಸ್ಕ್ರೀನ್ ಮೇಲೆ ಕಾಣಿಸೋ ಒಂದು ಮೆಸೇಜಿನಲ್ಲಿ ‘ಇಟ್ಸ್’ ಅನ್ನೋ ಪದಕ್ಕೆ ಅಪಾಸ್ಟ್ರಫಿ ಹಾಕಿದ್ದೆ, ಅಲ್ಲಿ ಹಾಕಬಾರದಿತ್ತಂತೆ. ಸರಿ, ತಪ್ಪು ತಪ್ಪೇ, ತಿದ್ದಿದರಾಯ್ತು. ಆದರೆ ಆ ಪುಣ್ಯಾತ್ಮ ಅದರ ಕೆಳಗೆ "ಇಂಗ್ಲಿಷ್ ಗ್ರಾಮರಿನ ಬೇಸಿಕ್ಸ್ ಒಂದ್ಸಲ ನೋಡ್ಕೊಳ್ಳಿ" ಅಂತ ಬರೆದು ಇಡೀ ಟೀಮಿಗೆ ಸಿಸಿ ಹಾಕಿದ್ದ.

ಕಾಫಿ ಗಂಟಲಲ್ಲಿ ಇಳೀಲಿಲ್ಲ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಇದು ಅರ್ಥ ಆಗುತ್ತೆ. ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಎಷ್ಟೇ ವರ್ಷ ಆಗಿದ್ರೂ, ಯಾರಾದ್ರೂ ಇಂಗ್ಲಿಷ್ ತಪ್ಪು ಎತ್ತಿ ತೋರಿಸಿದ ತಕ್ಷಣ ಮತ್ತೆ ಫಸ್ಟ್ ಪಿಯುಸಿ ಕ್ಲಾಸಿನ ಕೊನೇ ಬೆಂಚಿಗೆ ಹೋಗಿ ಕೂತ ಹಾಗೆ ಆಗುತ್ತೆ.

ಆದ್ರೆ ನೀವೇ ಹೇಳಿ, ನಾನು ಮಾಡಿದ್ದು ತಪ್ಪಾ? ಹೈಸ್ಕೂಲಿನಲ್ಲಿ ನಮ್ಮ ಇಂಗ್ಲಿಷ್ ಮೇಷ್ಟ್ರು ಅಪಾಸ್ಟ್ರಫಿಯನ್ನ "ತಲೆ ಮೇಲೆ ಹತ್ತಿ ಕೂತ ಕಾಮಾ" ಅಂತಿದ್ರು. ಅವರು ಬರೆಸಿದ ರೂಲು ಇನ್ನೂ ನೆನಪಿದೆ: ಒಂದು ವಸ್ತು ಯಾರಿಗೋ ಸೇರಿದ್ದು ಅಂತ ಹೇಳ್ಬೇಕಾದ್ರೆ ಹೆಸರಿನ ಪಕ್ಕ ಆ ಕಾಮಾ ಕೂರಿಸಿ ಎಸ್ ಹಾಕು. ರಾಮನ ಪುಸ್ತಕ, ಹಸುವಿನ ಬಾಲ, ಎಲ್ಲಕ್ಕೂ ಅದೇ. ಹಾಗಿದ್ರೆ ‘ಅದರ ಬಾಲ’ ಅನ್ನೋದಕ್ಕೆ ‘ಇಟ್’ ಪಕ್ಕ ಕಾಮಾ ಕೂರಿಸಿ ಎಸ್ ಹಾಕಬೇಕು ತಾನೇ? ಇಲ್ಲವಂತೆ! ಅಲ್ಲಿ ಹಾಕಿದ್ರೆ ಅದು ‘ಇಟ್ ಈಸ್’ ಆಗುತ್ತಂತೆ. ‘ಯಾರ’ ಅನ್ನೋ ‘ಹೂಸ್’ ಕಥೆಯೂ ಇದೇ. ಕಾಮಾ ಹಾಕಿದ್ರೆ ‘ಹೂ ಈಸ್’, ‘ಯಾರ’ ಅನ್ನೋ ಅರ್ಥಕ್ಕೆ ಕೊನೆಯಲ್ಲಿ ಎಸ್-ಇ ಬರೆದು ಬೇರೆ ಸ್ಪೆಲ್ಲಿಂಗೇ ಮಾಡ್ಬೇಕು. ನಾನು ರೂಲ್ ಮುರಿದಿರಲಿಲ್ಲ, ನಿಯತ್ತಾಗಿ ಪಾಲಿಸಿದ್ದೆ. ನಾವು ಬರೆದ ಪ್ರೋಗ್ರಾಮ್ ಹೀಗೆ ನಡ್ಕೊಂಡ್ರೆ ಅದನ್ನ ಬಗ್ ಅಂತೀವಿ. ಇಂಗ್ಲಿಷ್ ಮಾಡಿದ್ರೆ ಗ್ರಾಮರ್!

ಹೊಟ್ಟೆ ಉರಿ ತಡೀಲಾರದೆ ಅವತ್ತು ರಾತ್ರಿ ಇದರ ಜಾತಕ ತೆಗೆದು ಕೂತೆ. ಈ ಚಿಹ್ನೆ ಇಂಗ್ಲಿಷಿನದ್ದೇ ಅಲ್ಲ, 16ನೇ ಶತಮಾನದಲ್ಲಿ ಫ್ರೆಂಚಿನಿಂದ ಬಂದದ್ದು. ಇದ್ದ ಕೆಲಸ ಒಂದೇ: ಅಕ್ಷರ ಬಿಟ್ಟುಹೋದ ಜಾಗವನ್ನ ತೋರಿಸೋದು. ನಾವು ‘ಸೋಽಹಂ’ ಅಂತ ಬರೆಯುವಾಗ ‘ಅ’ ಲೋಪವಾದ ಕಡೆ ಅವಗ್ರಹ ಹಾಕ್ತೀವಲ್ಲ, ಅದೇ ಕೆಲಸ. ಷಷ್ಠೀ ವಿಭಕ್ತಿಗೆ ಅದು ಬಂದದ್ದೂ ಹಾಗೇ. ಹಳೇ ಇಂಗ್ಲಿಷಿನಲ್ಲಿ ಎಷ್ಟೋ ನಾಮಪದಗಳಿಗೆ ‘ಎಸ್’ ಪ್ರತ್ಯಯ ಇ-ಎಸ್ ಅಂತ ಸೇರ್ತಿತ್ತು. ಆ ‘ಇ’ ಬಿದ್ದುಹೋಯ್ತು, ಅದರ ಗುರುತಿಗೆ ಕಾಮಾ ಉಳೀತು. ಆಮೇಲೆ ‘ಇ’ ಯಾವತ್ತೂ ಇಲ್ಲದ ಪದಗಳಿಗೂ ಅದೇ ರೂಢಿಯಾಯ್ತು. ಒಂದೇ ಚಿಹ್ನೆಗೆ ಎರಡು ಕೆಲಸ. ನಮ್ಮ ಗೋಳಿನ ಮೂಲ ಇದೇ.

ಇನ್ನೂ ಮಜಾ ಏನು ಗೊತ್ತಾ? 17, 18ನೇ ಶತಮಾನದಲ್ಲಿ ‘ಅದರ’ ಅನ್ನೋ ಅರ್ಥಕ್ಕೆ ಅಪಾಸ್ಟ್ರಫಿ ಹಾಕೋದು ಮಾಮೂಲಾಗಿತ್ತು. 1787ರಲ್ಲಿ ಕೈಯಲ್ಲಿ ಬರೆದ ಅಮೆರಿಕದ ಸಂವಿಧಾನದ ಮೂಲಪ್ರತಿಯಲ್ಲಿ, ಮೊದಲನೇ ವಿಧಿಯ ಹತ್ತನೇ ಸೆಕ್ಷನ್ನಿನಲ್ಲಿ, ನಾನು ಮಾಡಿದ ‘ತಪ್ಪು’ ಹಾಗೇ ಇದೆ! ಆ ದೇಶ ಕಟ್ಟಿದವರಿಗೆ ಯಾರೂ ಬೇಸಿಕ್ಸ್ ನೋಡ್ಕೊಳ್ಳಿ ಅಂತ ಸಿಸಿ ಹಾಕಲಿಲ್ಲ ನೋಡಿ :-)

ಇಂಗ್ಲಿಷಿನವರ ಊರಲ್ಲೂ ಇದು ನೆಟ್ಟಗಿಲ್ಲ. ಲಂಡನ್ ಟ್ಯೂಬ್ ರೈಲಿನ ಪಿಕಾಡಿಲಿ ಲೈನಿನಲ್ಲಿ ಅರ್ಲ್ಸ್ ಕೋರ್ಟ್, ಬ್ಯಾರನ್ಸ್ ಕೋರ್ಟ್ ಅಂತ ಅಕ್ಕಪಕ್ಕದ ಎರಡು ಸ್ಟೇಷನ್. ಮೊದಲನೇದಕ್ಕೆ ಅಪಾಸ್ಟ್ರಫಿ ಇದೆ, ಎರಡನೇದಕ್ಕೆ ಇಲ್ಲ. ಜಾನ್ ರಿಚರ್ಡ್ಸ್ ಅನ್ನೋ ನಿವೃತ್ತ ಪತ್ರಕರ್ತರೊಬ್ಬರು 2001ರಲ್ಲಿ ಅಪಾಸ್ಟ್ರಫಿ ರಕ್ಷಣೆಗೆ ಅಂತಲೇ ಒಂದು ಸಂಘ ಕಟ್ಟಿದ್ರು. 2019ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಅಜ್ಞಾನ ಮತ್ತು ಸೋಮಾರಿತನವೇ ಗೆದ್ದವು ಅಂತ ಬೇಜಾರಾಗಿ ಅದನ್ನ ನಿಲ್ಲಿಸಿದ್ರು. ಓದಿ ನಂಗೆ ಒಳಗೊಳಗೇ ಖುಷಿ ಆಯ್ತು ಅಂತ ಒಪ್ಕೋತೀನಿ.

ಖುಷಿ ಬುಧವಾರದ ತನಕ ಮಾತ್ರ. ನಮ್ಮ ಟೀಮಿನ ಲಕ್ನೋ ಹುಡುಗ ಕನ್ನಡ ಕಲೀತಿದ್ದಾನೆ. ಊಟಕ್ಕೆ ಕೂತಾಗ ಕೇಳಿದ: "ಮರ ಮರದ ಆಗುತ್ತೆ, ಊರು ಯಾಕೆ ಊರದ ಆಗಲ್ಲ? ಮಗು ಯಾಕೆ ಮಗುವಿನ?" ನಾನು ಚಪಾತಿ ಮುರೀತಾ, "ಅದು ಹಾಗೇ ಬರೋದು ಕಣೋ" ಅಂದೆ. ಅಂದಮೇಲೆ ಹೊಳೀತು, ನಮ್ಮ ಮೇಷ್ಟ್ರೂ ಇದೇ ಉತ್ತರ ಕೊಡ್ತಿದ್ರು. ಪಾಪ ಅವನು ನಗ್ತಾ ಬರ್ಕೊಂಡ. ನಾನೂ ಅವತ್ತು ಅವನ ಹಾಗೇ ನಗಬಹುದಿತ್ತು.

ನಿಜವಾದ ಪಾಠ ಆದದ್ದು ಗುರುವಾರ. ನಮ್ಮಲ್ಲಿ ಟೆಸ್ಟಿಂಗ್ ಮಾಡೋರು ಒಬ್ರು ಬಂಟ್ವಾಳದ ಕಡೆಯವರು. ಅವರ ಸರ್‌ನೇಮ್ ಡಿಸೋಜ. ಕನ್ನಡದಲ್ಲಿ ಹೀಗೆ ಸಲೀಸಾಗಿ ಬರೀತೀವಿ, ಇಂಗ್ಲಿಷಿನಲ್ಲಿ ‘ಡಿ’ ಆದಮೇಲೆ ಅಪಾಸ್ಟ್ರಫಿ ಇದೆ. ಅವರು ತಮ್ಮದೇ ಹೆಸರು ಹಾಕಿ ನನ್ನ ಸರ್ಚ್ ಪೇಜ್ ಟೆಸ್ಟ್ ಮಾಡಿದ್ರು. ಪೇಜ್ ಮಗುಚಿ ಬಿತ್ತು. ಕಾರಣ ಪ್ರೋಗ್ರಾಮರ್‌ಗಳಿಗೆ ಗೊತ್ತೇ ಇರುತ್ತೆ. ಎಸ್‌ಕ್ಯೂಎಲ್‌ನಲ್ಲಿ ಒಂದು ಪದ ಎಲ್ಲಿ ಶುರು, ಎಲ್ಲಿ ಮುಗೀತು ಅಂತ ತೋರಿಸೋಕೂ ಇದೇ ಚಿಹ್ನೆ. ‘ಡಿ’ ಆದಮೇಲೆ ಅದನ್ನ ಕಂಡ ಡೇಟಾಬೇಸ್ ಹೆಸರು ಮುಗೀತು ಅಂದ್ಕೊಳ್ತು, ಉಳಿದ ‘ಸೋಜ’ ಏನಂತ ತಿಳೀದೆ ಎರರ್ ಕೊಡ್ತು.

ನಂಗೋ ಮೊದಲೇ ಅದರ ಮೇಲೆ ಕೋಪ. ಹೆಸರಿನಲ್ಲಿ ಅಪಾಸ್ಟ್ರಫಿ ಕಂಡಲ್ಲೆಲ್ಲ ಕಿತ್ತು ಬಿಸಾಕು ಅಂತ ಒಂದು ಸಾಲು ಬರೆದೆ. ಎರರ್ ಹೋಯ್ತು. ಸೇಡು ತೀರಿಸ್ಕೊಂಡ ಖುಷಿಯಲ್ಲಿ ಬಗ್ ಕ್ಲೋಸ್ ಮಾಡಿದೆ. ಅರ್ಧ ಗಂಟೆಯಲ್ಲಿ ಅವರು ಅದನ್ನ ಮತ್ತೆ ಓಪನ್ ಮಾಡಿ ನನ್ನ ಸೀಟಿಗೇ ಬಂದ್ರು.

"ಇದು ನನ್ನ ಹೆಸರಲ್ಲ."

"ಒಂದು ಚುಕ್ಕೆ ಹೋದ್ರೆ ಏನು ಬಿಡಿ, ಸರ್ಚ್ ಆಗುತ್ತಲ್ಲ" ಅಂದೆ.

"ನಿಮಗೆ ಚುಕ್ಕೆ ಮಾರಾಯ್ರೆ. ನನ್ನ ಮಾರ್ಕ್ಸ್ ಕಾರ್ಡಿನಲ್ಲಿ ಅದು ಉಂಟು, ಬ್ಯಾಂಕಿನಲ್ಲಿ ಇಲ್ಲ, ಇನ್ನೊಂದು ಕಡೆ ಡಿ ಬೇರೆ, ಸೋಜ ಬೇರೆ. ಈ ಮೂರೂ ಜನ ನಾನೇ ಅಂತ ಅಫಿಡವಿಟ್ ಮಾಡಿಸ್ಲಿಕ್ಕೆ ಓಡಾಡುವುದು ನಾನು, ನೀವಲ್ಲ. ಎಲ್ಲೋ ಒಬ್ಬ ನಿಮ್ಮ ಹಾಗೇ ಒಂದು ಸಾಲು ಬರೆದಿರ್ತಾನೆ."

ನನ್ನ ಬಾಯಿಂದ ಮಾತು ಹೊರಡಲಿಲ್ಲ. ಆಮೇಲೆ ನೋಡಿದ್ರೆ ಆ ಹೆಸರು ಪೋರ್ಚುಗೀಸಿನ ‘ಡಿ ಸೋಜ’, ಅಂದ್ರೆ ಸೋಜದವರು. ಅಲ್ಲಿನ ‘ಡಿ’ ಡಿ-ಇ ಅನ್ನೋ ಎರಡಕ್ಷರದ ಪದ. ಅದರ ‘ಇ’ ಬಿದ್ದುಹೋದ ಜಾಗದಲ್ಲಿ ಕೂತಿರೋದೇ ಈ ಕಾಮಾ. ಅದು ಬಂದ ಮೊದಲ ಕೆಲಸವನ್ನ ಅವರ ಹೆಸರಿನಲ್ಲಿ ನಿಯತ್ತಾಗಿ ಮಾಡ್ತಿತ್ತು. ನಾನು ಬಾಯಿಗೆ ಬಂದ ಹಾಗೆ ಬೈದದ್ದು ಅದನ್ನೇ.

ಆ ಸಾಲನ್ನ ಅಳಿಸಿದೆ. ಕ್ವೆರಿಯೊಳಗೆ ಹೆಸರನ್ನ ನೇರವಾಗಿ ಅಂಟಿಸೋ ಬದಲು, ಪ್ಯಾರಾಮೀಟರ್ ಆಗಿ ಬೇರೆಯಾಗಿ ಕಳಿಸಿದೆ. ಮೊದಲೇ ಹಾಗೆ ಬರೀಬೇಕಿತ್ತು. ಹೆಸರನ್ನ ನೇರ ಅಂಟಿಸಿದ್ರೆ ಕಳ್ಳರು ಡೇಟಾಬೇಸಿಗೆ ನುಗ್ಗೋಕೂ ಅದೇ ಬಾಗಿಲು. ನನ್ನ ಕೋಡಿನ ನಿಜವಾದ ಬೇಸಿಕ್ಸ್ ತಪ್ಪು ಇದು, ರಿವ್ಯೂ ಮಾಡಿದವನ ಕಣ್ಣಿಗೆ ಬಿದ್ದದ್ದು ಮಾತ್ರ ‘ಇಟ್ಸ್’! ಸಂಜೆ ಅವರು ಮತ್ತೆ ತಮ್ಮ ಹೆಸರು ಹಾಕಿ ನೋಡಿದ್ರು. ಸ್ಕ್ರೀನಿನ ಮೇಲೆ ಕಾಮಾ ಸಮೇತ ಪೂರ್ತಿ ಹೆಸರು ಬಂತು. "ಹಾಂ, ಇದು ನಾನು" ಅಂತ ಬಗ್ ಕ್ಲೋಸ್ ಮಾಡಿದ್ರು.

‘ಇಟ್ಸ್’ ಕೂಡ ತಿದ್ದಿದೆ ಅನ್ನಿ. ನನ್ನ ಹಾಗೆ ಒದ್ದಾಡೋರಿಗೆ ಒಂದು ಉಪಾಯ: ಆ ಜಾಗದಲ್ಲಿ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಹಾಕಿ ಓದಿ. ವಾಕ್ಯ ನಿಂತ್ರೆ ಕಾಮಾ ಹಾಕಿ, ಮುಗ್ಗರಿಸಿದ್ರೆ ಬಿಡಿ. ‘ಹಿಸ್’ಗೆ ಹೇಗೆ ಕಾಮಾ ಇಲ್ವೋ ‘ಅದರ’ ಅನ್ನೋ ‘ಇಟ್ಸ್’ಗೂ ಹಾಗೇ ಇಲ್ಲ. ಇಷ್ಟನ್ನ ಯಾರಾದ್ರೂ ಮೊದಲೇ ಸಮಾಧಾನವಾಗಿ ಹೇಳಿದ್ರೆ ಎರಡು ನಿಮಿಷದ ಕೆಲಸ.

ಶುಕ್ರವಾರ ಹೊಸದಾಗಿ ಸೇರಿದ ಹುಡುಗನ ಕೋಡು ನನ್ನ ರಿವ್ಯೂಗೆ ಬಂತು. ‘ಹೂಸ್’ ತಪ್ಪಾಗಿತ್ತು. ಕಾಮೆಂಟ್ ಟೈಪ್ ಮಾಡೋಕೆ ಕೈ ಹೋಯ್ತು. ಬೇಡ ಅನ್ನಿಸಿ ಎದ್ದು ಅವನ ಸೀಟಿಗೆ ಹೋಗಿ, "ಬಾರಪ್ಪಾ, ಒಂದು ಕಾಫಿ ಕುಡ್ಕೊಂಡು ಬರೋಣ" ಅಂದೆ.

ನಿಮ್ಮನ್ನೂ ಈ ಕಾಮಾ ಹೀಗೇ ಕಾಡಿದ್ಯಾ?