ಶ್ರೀಶೈಲದ ಕಾಲುದಾರಿ ಮತ್ತು ಕೈಯೊಳಗಿನ ನಕಾಶೆ

ಯುಗಾದಿ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಹಳ್ಳಿಗಳಿಂದ ಮಲ್ಲಯ್ಯನ ಕಂಬಿಗಳು ಶ್ರೀಶೈಲದತ್ತ ಹೊರಡುವುದು ತಲೆತಲಾಂತರದಿಂದ ನಡೆದುಬಂದ ಸಂಪ್ರದಾಯ. ಅಲ್ಲಮಪ್ರಭುದೇವರೂ ಅಕ್ಕಮಹಾದೇವಿಯವರೂ ಅಲ್ಲಿಯ ಕದಳೀವನದಲ್ಲಿ ಐಕ್ಯರಾದರೆಂಬುದು ಪರಂಪರೆಯ ನಂಬಿಕೆ. ಆ ಗಿರಿಯನ್ನು ಒಮ್ಮೆಯಾದರೂ ಕಾಲ್ನಡಿಗೆಯಿಂದ ಹೋಗಿ ಕಾಣಬೇಕೆಂಬ ನಮ್ಮ ಮನೆಯವರ ಬಹುದಿನದ ಬಯಕೆ 2024ರ ಯುಗಾದಿಗೆ ಕೈಗೂಡಿತು. 72 ವರ್ಷದ ತಂದೆಯವರು, ನಾವು ದಂಪತಿಗಳು, ಕಾಲೇಜು ಓದುವ ಮಗ, ಹೀಗೆ ನಾಲ್ವರು ಆತ್ಮಕೂರಿನ ಬಳಿಯ ವೆಂಕಟಾಪುರದಿಂದ ನಲ್ಲಮಲ ಅಡವಿಯನ್ನು ಹೊಕ್ಕೆವು.

ಹೊರಡುವ ಮುನ್ನವೇ ಮಗನು ಆ ಪ್ರದೇಶದ ನಕಾಶೆಯನ್ನು ಸ್ಮಾರ್ಟ್‌ಫೋನಿನಲ್ಲಿ ಇಳಿಸಿಕೊಂಡಿದ್ದನು. “ಅಡವ್ಯಾಗ ನೆಟ್‌ವರ್ಕ್ ಇರಂಗಿಲ್ಲ, ಅದನ್ನ ತಗೊಂಡು ಏನು ಮಾಡ್ತಿಯಪಾ?” ಎಂದು ತಂದೆಯವರು ಕೇಳಿದರು. ಇಂಟರ್ನೆಟ್ ಬೇರೆ, ಉಪಗ್ರಹದ ಸಂಕೇತ ಬೇರೆ ಎಂಬುದನ್ನು ಮಗನು ವಿವರಿಸಿದನು. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ, ತಮ್ಮ ಸಮಯವನ್ನೂ ಸ್ಥಾನವನ್ನೂ ಸಾರುತ್ತಿರುತ್ತವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ತಲುಪಲು ಹಿಡಿದ ಕಾಲವನ್ನು ಲೆಕ್ಕ ಹಾಕಿ ಫೋನು ತಾನಿರುವ ತಾಣವನ್ನು ಕಂಡುಕೊಳ್ಳುತ್ತದೆ. ಇಂಟರ್ನೆಟ್ ಬೇಕಾಗುವುದು ನಕಾಶೆಯನ್ನು ತರಿಸಿಕೊಳ್ಳಲು ಮಾತ್ರ. ಅದು ಮೊದಲೇ ಫೋನಿನಲ್ಲಿದ್ದರೆ ನಟ್ಟಡವಿಯಲ್ಲಿಯೂ ದಾರಿ ತಿಳಿಯುತ್ತದೆ. ಅಮೆರಿಕದ ಈ ವ್ಯವಸ್ಥೆ 1995ರಲ್ಲಿ ಪೂರ್ಣಗೊಂಡಿತು. 1999ರ ಕಾರ್ಗಿಲ್ ಯುದ್ಧದ ಅನುಭವದ ನಂತರ ನಮ್ಮ ದೇಶವೂ ಸ್ವಂತ ವ್ಯವಸ್ಥೆಗೆ ಮುಂದಾಯಿತು. ಅದರ ಮೊದಲ ಉಪಗ್ರಹ 2013ರಲ್ಲಿ ಮೇಲೇರಿತು. 2016ರಲ್ಲಿ ಅದಕ್ಕೆ ನಾವಿಕ್ ಎಂದು ಹೆಸರಿಡಲಾಯಿತು. ಬೆಂಗಳೂರಿನ ಸಮೀಪದ ಬ್ಯಾಲಾಳುವಿನಲ್ಲಿ ಅದರ ನೆಲಕೇಂದ್ರವಿರುವುದು ಕನ್ನಡಿಗರಿಗೆ ಅಭಿಮಾನದ ಸಂಗತಿ.

ನಾಗಲೂಟಿ ದಾಟಿ ಪೆದ್ದ ಚೆರುವು ತಲುಪುವವರೆಗೂ ಪರದೆಯ ಮೇಲಿನ ನೀಲಿ ಚುಕ್ಕೆ ನಮ್ಮೊಡನೆಯೇ ನಡೆಯಿತು. ಎಷ್ಟು ದೂರ ಬಂದೆವು, ಇನ್ನೆಷ್ಟು ಉಳಿಯಿತು ಎಂಬುದು ಕೈಯಲ್ಲಿಯೇ ಇದ್ದುದರಿಂದ ನಮಗೆ ತುಸು ಹೆಮ್ಮೆಯೂ ಬಂದಿತ್ತೆಂದು ಒಪ್ಪಿಕೊಳ್ಳಬೇಕು. ಮರುದಿನ ಬೆಳಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ ಭೀಮುನಿ ಕೊಲನಿನತ್ತ ಹೊರಟೆವು. ಬಿಸಿಲು ಏರುತ್ತಿತ್ತು. ತಂದೆಯವರು, “ನೀವು ಮುಂದ ನಡೀರಿ, ನಾ ಕಂಬಿಯವರ ಕೂಡ ಸಾವಕಾಶ ಬರ್ತೀನಿ” ಎಂದರು. ಎಲ್ಲಿ ಕೂಡಬೇಕೆಂಬುದನ್ನು ಸಹ ನಿಶ್ಚಯಿಸದೆ ನಾವು ಮುಂದೆ ನಡೆದುಬಿಟ್ಟೆವು.

ಕಣಿವೆಯ ಅಂಚಿಗೆ ಬಂದು ಎರಡು ತಾಸು ಕಳೆದರೂ ತಂದೆಯವರು ಬರಲಿಲ್ಲ. ಅವರ ಬಳಿ ಇದ್ದ ಚಿಕ್ಕ ಫೋನು ಅಲ್ಲಿ ನಿರುಪಯೋಗಿ. ಮೊಬೈಲನ್ನು ನೋಡಿದರೆ ಅದು ನಾವು ನಿಂತ ನೆಲವನ್ನು ತೋರಿಸುತ್ತಿತ್ತು, ಅಷ್ಟೇ. ಅದು ಉಪಗ್ರಹದ ಮಾತನ್ನು ಕೇಳಬಲ್ಲದೇ ಹೊರತು ಮರಳಿ ಏನನ್ನೂ ಹೇಳಲಾರದು. ನಾವಿರುವುದು ಉಪಗ್ರಹಕ್ಕೆ ತಿಳಿಯದು. ತಂದೆಯವರಿರುವುದು ನಮಗೆ ತಿಳಿಯದು. ಎಲ್ಲವೂ ಗೊತ್ತಿದೆಯೆಂದು ನಡೆದ ನಮಗೆ, ಗೊತ್ತಿರಬೇಕಾದ ಒಂದೇ ಸಂಗತಿ ಗೊತ್ತಿರಲಿಲ್ಲ.

ಮೂವರೂ ಬಂದ ದಾರಿಯಲ್ಲೇ ಹಿಂದಿರುಗಿದೆವು. ಎದುರಾದ ಪ್ರತಿಯೊಂದು ತಂಡವನ್ನೂ, ಬಿಳಿಯ ರುಮಾಲಿನ ಹಿರಿಯರನ್ನು ಕಂಡಿರಾ ಎಂದು ವಿಚಾರಿಸಿದೆವು. ಕೊನೆಗೊಬ್ಬ ತಾಯಿ, “ಹಿಂದ ಒಬ್ಬ ಅಜ್ಜಾರು ಕಾಲು ಉಳುಕಿ ಕುಂತಾರ್ರಿ, ಅಂಜಬ್ಯಾಡ್ರಿ, ಜೋಡಿ ಹುಡುಗರದಾರ” ಎಂದರು. ಮರದ ನೆರಳಿನಲ್ಲಿ ತಂದೆಯವರು ಕುಳಿತಿದ್ದರು. ಗುರುತು ಪರಿಚಯವಿಲ್ಲದ ಇಬ್ಬರು ತರುಣರು ತಮ್ಮ ಕಂಬಿಯ ತಂಡವನ್ನು ಮುಂದೆ ಕಳುಹಿಸಿ, ತಮ್ಮ ಪಾಲಿನ ನೀರನ್ನು ಅವರಿಗೆ ಕುಡಿಸಿ, ಪಾದಕ್ಕೆ ಬಟ್ಟೆ ಕಟ್ಟಿ ಕಾಯುತ್ತಿದ್ದರು. ನಮ್ಮನ್ನು ಕಂಡೊಡನೆ ತಂದೆಯವರು ಗದರಲಿಲ್ಲ. “ಊಟ ಮಾಡೀರೇನು?” ಎಂದಷ್ಟೇ ಕೇಳಿದರು. ನಮಗೆ ತಲೆ ಎತ್ತಲಾಗಲಿಲ್ಲ.

ಅಲ್ಲಿಂದ ಕಣಿವೆಗೆ ಎಷ್ಟು ದೂರವೆಂಬುದನ್ನು ಅದೇ ನಕಾಶೆ ತಿಳಿಸಿತು. ಅದನ್ನು ನೋಡುತ್ತ, ಅವರಿಗೆ ಹೆಗಲು ಕೊಡುತ್ತ, ಅಲ್ಲಲ್ಲಿ ಕೂರಿಸುತ್ತ ನಡೆದೆವು. ಅಂದು ರಾತ್ರಿ ಯಾತ್ರಿಕರ ನಡುವೆ ತಂಗಿ, ಮರುದಿನ ಒಂದೊಂದೇ ಮೆಟ್ಟಿಲೇರಿ ಕೈಲಾಸದ್ವಾರವನ್ನು ಮುಟ್ಟಿದೆವು. ಯುಗಾದಿಯಂದು ನಾಲ್ವರೂ ಕೂಡಿಯೇ ಮಲ್ಲಿಕಾರ್ಜುನನ ದರ್ಶನ ಪಡೆದೆವು.

ಯಾತ್ರೆಗೆ ಹೊರಡುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೇ. ನಕಾಶೆಯನ್ನು ಮನೆಯಲ್ಲಿಯೇ ಇಳಿಸಿಕೊಂಡು, ಇಂಟರ್ನೆಟ್ ಬಂದ್ ಮಾಡಿ ಒಮ್ಮೆ ಪರೀಕ್ಷಿಸಿರಿ. ಪವರ್ ಬ್ಯಾಂಕ್ ಜೊತೆಗಿರಲಿ. ಕಣಿವೆಯಲ್ಲಿಯೂ ದಟ್ಟ ಮರಗಳ ಕೆಳಗೂ ಆಕಾಶ ಮರೆಯಾಗಿ ಚುಕ್ಕೆ ತಪ್ಪು ತೋರಿಸುವುದುಂಟು. ಅಂಥಲ್ಲಿ ಬಲ್ಲವರನ್ನು ಕೇಳಿರಿ. ಹಿರಿಯರ ಜೇಬಿನಲ್ಲಿ ಹೆಸರು, ಊರು, ಫೋನ್ ನಂಬರ್ ಬರೆದ ಚೀಟಿ ಇರಲಿ. ಮುಂದೆ ಎಲ್ಲಿ ಕೂಡಬೇಕೆಂಬುದನ್ನು ಮೊದಲೇ ನಿಶ್ಚಯಿಸಿರಿ. ಎಲ್ಲಕ್ಕಿಂತ ಮಿಗಿಲಾಗಿ, ಮನೆಯಲ್ಲಿ ನಿಧಾನವಾಗಿ ನಡೆಯುವವರು ಯಾರೋ ಅವರ ಹೆಜ್ಜೆಗೆ ನಿಮ್ಮ ಹೆಜ್ಜೆಯನ್ನು ಹೊಂದಿಸಿರಿ.

ಅರಿವೂ ಆಚಾರವೂ ಬೇರೆಯಲ್ಲವೆಂದು ಶರಣರು ಬೋಧಿಸಿದರು. ಅಂದು ಅರಿವಿನ ಉಪಕರಣ ನಮ್ಮ ಕೈಯಲ್ಲಿತ್ತು, ಆಚಾರ ಮಾತ್ರ ಆ ಇಬ್ಬರು ತರುಣರಲ್ಲಿತ್ತು. ಹೆಸರು ಕೇಳಿದರೆ, “ಮಲ್ಲಯ್ಯನ ಮಕ್ಕಳು ಅಂತ ತಿಳ್ಕೊಳ್ರಿ” ಎಂದು ನಕ್ಕು ನಡೆದ ಅವರಿಗೆ ಈ ಮೂಲಕ ನಮ್ಮ ಶರಣಾರ್ಥಿಗಳು.