ಹೆದರ್ ಹೂವಿನ ಗುಡ್ಡದಲ್ಲಿ ಅಮ್ಮ

ಆಗಸ್ಟ್ ಅರ್ಧ ಕಳೆಯಿತೆಂದರೆ ಶೆಫೀಲ್ಡಿನ ಪಶ್ಚಿಮಕ್ಕಿರುವ ಗುಡ್ಡಗಳಿಗೆ ಹೂವಿನ ಕಾಲ. ವರ್ಷದ ಉಳಿದ ತಿಂಗಳೆಲ್ಲ ಮಂಕು ಕಂದು ಪೊದೆಗಳನ್ನು ಹೊದ್ದು ಮಲಗಿರುವ ಬಯಲು ಮೂರು ನಾಲ್ಕು ವಾರಗಳ ಮಟ್ಟಿಗೆ ಕಣ್ಣು ಹಾಯುವಷ್ಟು ದೂರ ನೇರಳೆಯಾಗುತ್ತದೆ. ಅದು ಹೆದರ್ ಹೂವಿನ ಬಣ್ಣ. ಇಲ್ಲಿನ ಜನ ಇದಕ್ಕಾಗಿ ಕಾದಿರುತ್ತಾರೆ. ತಿಂಗಳ ಕೊನೆಯ ಸೋಮವಾರ, ಬ್ಯಾಂಕ್ ಹಾಲಿಡೇ ದಿನ, ಮುದುಕರು, ಮಕ್ಕಳು, ನಾಯಿಗಳು ಎಲ್ಲರೂ ಗುಡ್ಡದ ಮೇಲೆ. ಈ ಸಲ ನಾವೂ ಹೊರಟೆವು. ಮೂಡಿಗೆರೆಯಿಂದ ಬಂದಿದ್ದ ಅಮ್ಮನೂ ಜೊತೆಗಿದ್ದಳು.

ಅಮ್ಮನನ್ನು ಹೊರಡಿಸುವುದು ಸುಲಭವಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವಳು ಊರಿನಲ್ಲೂ ಅಂಗಳ ದಾಟುತ್ತಿದ್ದದ್ದು ಕಡಿಮೆ. "ನೀವು ಹೋಗಿ ಬನ್ನಿ, ನಾನು ಮನೇಲಿರ್ತೀನಿ" ಅನ್ನುವುದು ಅವಳ ಕಾಯಂ ಮಾತಾಗಿತ್ತು. "ಅಜ್ಜೀ, ನೀನು ಬರದಿದ್ರೆ ನಾನೂ ಬರಲ್ಲ" ಎಂದು ಮಗಳು ಬಾಗಿಲಲ್ಲೇ ಕೂತಾಗ ಎದ್ದು ಬುತ್ತಿ ಕಟ್ಟಿದಳು. ಅಕ್ಕಿರೊಟ್ಟಿ, ಕಾಯಿಚಟ್ನಿ, ಫ್ಲಾಸ್ಕಿನಲ್ಲಿ ಕಾಫಿ.

ಫಾಕ್ಸ್ ಹೌಸಿನ ಹತ್ತಿರ ಬಸ್ಸಿಳಿದರೆ ಬರ್ಬೇಜ್ ಕಣಿವೆ ಎದುರಿಗೇ ತೆರೆದುಕೊಳ್ಳುತ್ತದೆ. ಆಚೆ ಕಾರ್ಲ್ ವಾರ್ಕ್ ಎಂಬ ಹಳೆಯ ಕಲ್ಲುಕೋಟೆಯ ದಿಬ್ಬ, ಅದರ ಹಿಂದೆ ಹಿಗ್ಗರ್ ಟಾರ್ ಬಂಡೆ, ನಡುವೆ ತೊರೆ. ಉಳಿದದ್ದೆಲ್ಲ ಹೂವು. ಅಮ್ಮ ದಾರಿ ಬದಿಯಲ್ಲಿ ನಿಂತು ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಕೇಳಿದಳು: "ಇದೂ ಹನ್ನೆರಡು ವರ್ಷಕ್ಕೊಂದ್ಸಲವೇನೆ?"

ಅವಳ ಮನಸ್ಸಿನಲ್ಲಿದ್ದದ್ದು ನೀಲಕುರಿಂಜಿ. 2022ರಲ್ಲಿ ಚಂದ್ರದ್ರೋಣ ಪರ್ವತದ ಸಾಲಿನಲ್ಲಿ ಅದು ಅರಳಿದಾಗ ಅಪ್ಪ ಅವಳನ್ನು ಜೀಪು ಹತ್ತಿಸಿಕೊಂಡು ಹೋಗಿ ತೋರಿಸಿದ್ದರು. ಅವರಿಬ್ಬರೇ ಹೋದ ಕೊನೆಯ ತಿರುಗಾಟ ಅದು.

"ಇಲ್ಲಮ್ಮ, ಇದು ಪ್ರತಿ ವರ್ಷ."

"ಹಾಗಾದ್ರೆ ಅವಸರ ಬೇಡ," ಎಂದು ಅಮ್ಮ ಅಲ್ಲೇ ಒಂದು ಬಂಡೆಯ ಮೇಲೆ ಕೂತಳು.

ಕೂತದ್ದು ಒಳ್ಳೆಯದಾಯಿತು, ಹೂವನ್ನು ಹತ್ತಿರದಿಂದ ನೋಡುವಂತಾಯಿತು. ದೂರದಿಂದ ಒಂದೇ ಹಾಸಿನಂತಿರುವುದು ಹತ್ತಿರದಲ್ಲಿ ಸಣ್ಣ ಸಣ್ಣ ಕಡ್ಡಿಗಳು. ಕಡ್ಡಿಗೆ ಹತ್ತಾರು ಹೂ, ಒಂದೊಂದೂ ಅಕ್ಕಿಕಾಳಿಗಿಂತ ದೊಡ್ಡದಲ್ಲ. ನಾವು ಎಸಳೆಂದು ತಿಳಿಯುವುದು ನಿಜವಾಗಿ ಬಣ್ಣ ತಳೆದ ಪುಷ್ಪಪತ್ರ. ಎಸಳು ಅದರೊಳಗೆ ಅಡಗಿರುತ್ತದೆ. ಹೂವಿನ ಕಾಲ ಮುಗಿದ ಮೇಲೂ ಆ ಹೊರಪದರ ಉದುರದೆ ಕಾಗದದಂತೆ ಒಣಗಿ ಗಿಡದಲ್ಲೇ ಉಳಿಯುತ್ತದೆ. ಚಳಿಗಾಲದ ಗುಡ್ಡದ ಕಂದಿಗೆ ಅದೂ ಒಂದು ಕಾರಣ. ಬಂಡೆಯ ಬುಡದ ಒಣ ಜಾಗದಲ್ಲಿ ಇದರ ದಾಯಾದಿ ಬೆಲ್ ಹೆದರ್ ಇತ್ತು. ಬಣ್ಣ ಇನ್ನೂ ಗಾಢ, ಆಕಾರ ಬಾಯಿ ಬಿಗಿದ ಪುಟ್ಟ ಗಂಟೆ. ಎಲ್ಲ ಕಡೆ ಜೇನ್ನೊಣದ ಮೊರೆತ. ಈ ತಿಂಗಳಲ್ಲಿ ಜೇನು ಸಾಕುವವರು ಪೆಟ್ಟಿಗೆಗಳನ್ನೇ ಗುಡ್ಡಕ್ಕೆ ಹೊತ್ತು ತರುತ್ತಾರೆ. ಹೆದರ್ ಜೇನು ಎರಿಯಿಂದ ಸುಲಭವಾಗಿ ಸುರಿಯುವುದಿಲ್ಲ. ಗಟ್ಟಿಯಾಗಿ ನಿಂತಿರುತ್ತದೆ, ಕಲಕಿದರೆ ಹರಿಯುತ್ತದೆ, ಬಿಟ್ಟರೆ ಮತ್ತೆ ಗಟ್ಟಿ. ಅದನ್ನು ಹಿಂಡಿಯೇ ತೆಗೆಯಬೇಕು. ಕಾಫಿತೋಟದ ಜೇನು ಕಂಡವಳಾದ ಅಮ್ಮನಿಗೆ ಇದು ಹೊಸದು. ಎರಡು ಸಲ ಕೇಳಿ ತಿಳಿದುಕೊಂಡಳು.

ಮಗನಿಗೆ ಬೇರೆ ಸಂತೋಷ ಸಿಕ್ಕಿತ್ತು. ಹೆದರ್ ನಡುವೆ ಬಿಲ್‌ಬೆರಿ ಗಿಡಗಳಲ್ಲಿ ಕೊನೆಯ ಹಣ್ಣುಗಳಿದ್ದವು. ತಿಂದು ನಾಲಿಗೆ ಚಾಚಿದಾಗ ಅಮ್ಮ ನಕ್ಕುಬಿಟ್ಟಳು, ನೇರಳೆಹಣ್ಣು ತಿಂದ ನಾಲಿಗೆಯೇ ಅದು. ಅಷ್ಟರಲ್ಲಿ ಪೊದೆಯೊಳಗಿಂದ ಗ್ರೌಸ್ ಹಕ್ಕಿ ಬರ್ರೆಂದು ಎದ್ದು, ನೆಲಕ್ಕೆ ತಾಗಿದಂತೆ ಹಾರುತ್ತ ಗೊಗ್ಗರು ದನಿಯಲ್ಲಿ ಕೂಗಿಕೊಂಡು ಹೋಯಿತು. ಮಕ್ಕಳಿಬ್ಬರೂ ದಾರಿಯುದ್ದಕ್ಕೂ ಅದೇ ಕೂಗು.

ಈ ಗುಡ್ಡಗಳ ಕತೆಯಲ್ಲಿ ಆ ಹಕ್ಕಿಗೆ ದೊಡ್ಡ ಪಾಲಿದೆ. ನೋಡಿದವರಿಗೆ ಇದು ಮನುಷ್ಯ ಮುಟ್ಟದ ಬಯಲು ಅನ್ನಿಸುತ್ತದೆ. ಆದರೆ ಸಾವಿರಾರು ವರ್ಷಗಳ ಹಿಂದೆ ಇಲ್ಲಿ ಬಹುಮಟ್ಟಿಗೆ ಕಾಡಿತ್ತು. ಜನ ಮರ ಕಡಿದರು, ಬೆಂಕಿ ಹಾಕಿದರು, ಕುರಿ ಬಿಟ್ಟರು. ಹುಳಿ ಮಣ್ಣಿನಲ್ಲಿ ಬದುಕಬಲ್ಲ ಹೆದರ್ ತೆರವಾದ ಜಾಗ ಹಿಡಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಗ್ರೌಸ್ ಬೇಟೆ ಸಿರಿವಂತರ ಮೋಜಾಯಿತು. ಆ ಹಕ್ಕಿ ತಿನ್ನುವುದು ಹೆದರ್ ಚಿಗುರು, ಅವಿತುಕೊಳ್ಳುವುದು ಬಲಿತ ಪೊದೆಯಲ್ಲಿ. ಎರಡೂ ಸಿಗಲೆಂದು ಈ ಸೀಮೆಯ ಎಷ್ಟೋ ಗುಡ್ಡಗಳನ್ನು ಸರದಿಯಂತೆ ತುಂಡು ತುಂಡಾಗಿ ಸುಡುತ್ತ ಬಂದರು. ಆಗಸ್ಟ್ 12ಕ್ಕೆ ಬೇಟೆಯ ಋತು ಶುರು. ಹಕ್ಕಿ ಬೆದರಬಾರದೆಂದು ಜನಸಾಮಾನ್ಯರನ್ನು ಗುಡ್ಡಕ್ಕೆ ಬಿಡುತ್ತಿರಲಿಲ್ಲ. ಕೋಲು ಹಿಡಿದ ಕಾವಲುಗಾರರಿದ್ದರು. ವಾರವಿಡೀ ಉಕ್ಕಿನ ಕಾರ್ಖಾನೆಯ ಹೊಗೆ ಕುಡಿದವರಿಗೆ ಭಾನುವಾರ ಕಿಟಕಿಯಿಂದ ಕಾಣುವ ಗುಡ್ಡ ಹತ್ತುವ ಹಕ್ಕಿರಲಿಲ್ಲ. ನನಗೆ ಇದನ್ನು ನೆನೆದಾಗೆಲ್ಲ ಸಿಟ್ಟು ಬರುತ್ತದೆ.

ನಾವು ನಡೆಯುತ್ತಿದ್ದ ದಾರಿಯ ಕೆಳಗಿರುವ ಲಾಂಗ್‌ಶಾ ಎಸ್ಟೇಟು ರಟ್ಲೆಂಡಿನ ಡ್ಯೂಕ್ ಮನೆತನದ ಬೇಟೆಯ ನೆಲೆಯಾಗಿತ್ತು. ಅದು ಮಾರಾಟಕ್ಕೆ ಬಂದಾಗ ಮುಂದೆ ನಿಂತವಳು ಎತೆಲ್ ಎಂಬ ಹೆಣ್ಣುಮಗಳು. ಶೆಫೀಲ್ಡಿನ ಸಿರಿವಂತ ಉದ್ಯಮಿಯ ಮಗಳು. ಇಪ್ಪತ್ತರ ಹರೆಯದಲ್ಲೇ ಗಂಡನನ್ನು ಮೊದಲ ಮಹಾಯುದ್ಧದಲ್ಲಿ ಕಳೆದುಕೊಂಡಳು. ದುಃಖದಲ್ಲಿ ಮುದುಡಿ ಹೋದವಳನ್ನು ಮನೆಯವರು ಹಟ ಹಿಡಿದು ಗುಡ್ಡಗಳಿಗೆ ನಡೆಸಿಕೊಂಡು ಹೋದರು. ಆ ನಡಿಗೆಯೇ ಅವಳನ್ನು ಮತ್ತೆ ಬದುಕಿಗೆ ತಂದಿತು. 1924ರಲ್ಲಿ ಊರಿನ ಸುತ್ತಲಿನ ನಿಸರ್ಗವನ್ನು ಉಳಿಸಲು ಒಂದು ಸಂಘ ಕಟ್ಟಿದಳು. ಜನರಿಂದ ಚಂದಾ ಎತ್ತಿ ಕೊಂಡ ಸುಮಾರು 750 ಎಕರೆ ಲಾಂಗ್‌ಶಾ 1931ರಲ್ಲಿ ನ್ಯಾಷನಲ್ ಟ್ರಸ್ಟಿನ ಕೈ ಸೇರಿತು, ಎಲ್ಲರಿಗೂ ತೆರೆದಿಡಲೆಂದು. ಮುಂದೆ ಮತ್ತೆ ಮದುವೆಯಾಗಿ ಎತೆಲ್ ಹೇಥಾರ್ನ್‌ತ್‌ವೇಟ್ ಎಂದು ಹೆಸರಾದಳು.

ಈ ಕತೆ ಹೇಳುವಾಗ ನಾನು ಅಮ್ಮನ ಮುಖ ನೋಡಲಿಲ್ಲ. ಅವಳು ಒಂದೇ ಪ್ರಶ್ನೆ ಕೇಳಿದಳು: "ಮಕ್ಕಳಿದ್ರಾ ಅವಳಿಗೆ?" ಮೊದಲ ಗಂಡ ಯುದ್ಧಕ್ಕೆ ಹೋಗಿ ಸತ್ತಾಗ ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ ಎಂದೆ. "ಪಾಪ, ನಮಗಾದ್ರೆ ನೀವೆಲ್ಲ ಇದ್ದೀರಿ," ಎಂದು ಮೊಮ್ಮಗಳ ಕೈಹಿಡಿದು ಮುಂದೆ ನಡೆದಳು.

ಚಂದಾ ಎತ್ತಿ ಕೊಂಡವರು ಒಂದು ಕಡೆಯಾದರೆ, ಸುಮ್ಮನೆ ನುಗ್ಗಿದವರು ಇನ್ನೊಂದು ಕಡೆ. 1932ರ ಏಪ್ರಿಲ್ 24ರಂದು ಇಲ್ಲಿಂದ ಪಶ್ಚಿಮಕ್ಕಿರುವ ಕಿಂಡರ್ ಸ್ಕೌಟ್ ಗುಡ್ಡಕ್ಕೆ ಮ್ಯಾಂಚೆಸ್ಟರ್ ಕಡೆಯ ನೂರಾರು ಯುವಕ ಯುವತಿಯರು ಹೇಫೀಲ್ಡಿನಿಂದ ಹತ್ತಿದರು. ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಶೆಫೀಲ್ಡಿನ ಇನ್ನೊಂದು ಗುಂಪು ಎಡೇಲ್ ಕಡೆಯಿಂದ ಬಂದು ಸೇರಿತು. ಕಾವಲುಗಾರರೊಡನೆ ತಳ್ಳಾಟವಾಯಿತು, ಐವರಿಗೆ ತಿಂಗಳುಗಟ್ಟಲೆ ಜೈಲಾಯಿತು. ಆ ಶಿಕ್ಷೆಯ ಕಠೋರತೆ ಕಂಡು ದೂರ ನಿಂತಿದ್ದವರೂ ನಡೆಯುವವರ ಪಕ್ಷ ವಹಿಸಿದರು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯ್ದೆ ಬಂತು, 1951ರಲ್ಲಿ ಈ ಗುಡ್ಡಗಳೆಲ್ಲ ಸೇರಿದ ಪೀಕ್ ಡಿಸ್ಟ್ರಿಕ್ಟ್ ಬ್ರಿಟನ್ನಿನ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಕಾಲುದಾರಿ ಬಿಟ್ಟು ತೆರೆದ ಬಯಲಿನಲ್ಲೂ ಅಡ್ಡಾಡುವ ಹಕ್ಕು ಕಾನೂನಿನಲ್ಲಿ ಸಿಕ್ಕಿದ್ದು 2000ದ ಕಾಯ್ದೆಯಿಂದ. ಹೊರದೇಶದಿಂದ ಬಂದು ನೆಲೆಸಿದ ನಮ್ಮಂಥವರೂ ಟಿಕೆಟ್ಟಿಲ್ಲದೆ, ಅಪ್ಪಣೆ ಕೇಳದೆ ಇಲ್ಲಿ ಬುತ್ತಿ ಬಿಚ್ಚಬಹುದು. ಆ ಐವರ ಋಣ ನಮ್ಮ ಮೇಲೂ ಇದೆ ಎಂದು ನಾನು ಮಕ್ಕಳಿಗೆ ಹೇಳುತ್ತಿರುತ್ತೇನೆ.

ಪ್ಯಾಡ್ಲಿ ಕಡೆಗೆ ಇಳಿಯುವಾಗ ಹಳೆಯ ಕಲ್ಲುಗಣಿಯ ಹತ್ತಿರ ಬೀಸುವ ಕಲ್ಲುಗಳು ಬಿದ್ದಿವೆ. ನಡುವೆ ತೂತು ಕೊರೆದ, ಅಂಚು ತಿದ್ದಿದ, ಬಂಡಿಚಕ್ರದಷ್ಟು ದೊಡ್ಡ ಕಲ್ಲುಗಳು, ಪಾಚಿ ಹಿಡಿದು, ಬರ್ಚ್ ಮರಗಳ ನಡುವೆ.

"ಇಷ್ಟು ದೊಡ್ಡ ಬೀಸೋಕಲ್ಲು ತಿರುಗಿಸೋರು ಯಾರಪ್ಪಾ?"

"ಹೊಳೆನೀರಿನ ಗಿರಣಿ, ಅತ್ತೆ," ಎಂದರು ನನ್ನ ಗಂಡ. ಈ ಕಲ್ಲು ಸವೆದು ಹಿಟ್ಟಿನ ಬಣ್ಣ ಕೆಡಿಸುತ್ತಿತ್ತು. ಬಿಳಿ ಬ್ರೆಡ್ಡಿನ ಆಸೆ ಹತ್ತಿದ ಜನ ಫ್ರಾನ್ಸಿನ ಕಲ್ಲಿಗೆ ತಿರುಗಿದರು, ಕೊನೆಗೆ ಉಕ್ಕಿನ ರೋಲರುಗಳು ಬಂದವು. ಕೊಳ್ಳುವವರಿಲ್ಲದೆ ಕೆತ್ತಿದ ಕಲ್ಲು ಕೆತ್ತಿದಲ್ಲೇ ಉಳಿಯಿತು. ರಾಷ್ಟ್ರೀಯ ಉದ್ಯಾನದ ಗುರುತು ಈಗ ಇದೇ ಕಲ್ಲು. ಅಮ್ಮ ಬಗ್ಗಿ ತೂತಿನೊಳಗೆ ಬೆರಳಾಡಿಸಿ, ಉಳಿಯ ಗೀರುಗಳನ್ನು ಮಗನಿಗೆ ತೋರಿಸಿದಳು.

ಗ್ರಿಂಡಲ್‌ಫರ್ಡ್ ಸ್ಟೇಷನ್ನು ಟಾಟ್ಲಿ ಸುರಂಗದ ಬಾಯಲ್ಲೇ ಇದೆ. ರೈಲಿಗೆ ಇನ್ನೂ ಹೊತ್ತಿತ್ತು. ಮಕ್ಕಳ ಬೂಟಿನ ಮೇಲೆ ಹೆದರ್ ಪರಾಗದ ಬೂದು ಪುಡಿ. ಅಮ್ಮ ಉಳಿದ ರೊಟ್ಟಿ ಹಂಚುತ್ತ ಕೇಳಿದಳು: "ಆ ಹುಡುಗರು ಜೈಲಿಗೆ ಹೋದ ಗುಡ್ಡ ಎಷ್ಟು ದೂರ?"

"ಇದೇ ಲೈನಿನಲ್ಲಿ ಎಡೇಲ್ ಅಂತ ಸ್ಟೇಷನ್ನಿದೆ, ಅಲ್ಲಿಂದ ಹತ್ತಬೇಕು. 636 ಮೀಟರ್ ಎತ್ತರ, ಏರು ಜೋರಿದೆ ಅಮ್ಮ."

"ಏರಿದ್ರೆ ನಿಧಾನ ಹತ್ತೋದು. ಬರೋ ಭಾನುವಾರಾನೇ ಹೋಗೋಣ, ಹೂ ಮುಗಿಯೋಕೆ ಮುಂಚೆ. ಚಿತ್ರಾನ್ನ ಮಾಡ್ತೀನಿ, ರೊಟ್ಟಿ ಗಾಳಿಗೆ ಒಣಗುತ್ತೆ."